ಅದೂ ಬತ್ತು

ಕೆರೆ ನೋಡಿ ಬರುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಹಾನಗಲ್ಲಿನ ಪೇಟೆಯಲ್ಲಿ ಯಾರೂ ನಂಬಲಿಲ್ಲ. ಶಂಭುಲಿಂಗನ ತಮ್ಮ ಚನ್ನಬಸವನಂತೂ ಅಂಗಡಿಯ ಮುಂದೆ ನಿಂತು, ‘ಯಾರೋ ನಿನಗ ಟೋಪಿ ಹಾಕಾಕತ್ತಾರ ಅಣ್ಣಾ’ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ಆದರೆ ಕೆಲಸ ನಿಜವಾದದ್ದೇ ಆಗಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಗುಡ್ಡಗಾಡಿನಲ್ಲೂ ಶಿವರಾತ್ರಿಗೆ ಮೊದಲೇ ಹಳ್ಳಗಳು ನಿಂತುಹೋಗಿದ್ದವು. ಯಾವ ಕೆರೆಯಲ್ಲಿ ಎಷ್ಟು ನೀರು ಉಳಿದಿದೆ, ಯಾವುದರಲ್ಲಿ ಏನೂ ಇಲ್ಲ ಎಂದು ಒಬ್ಬ ಮನುಷ್ಯ ಖುದ್ದಾಗಿ ಹೋಗಿ ನೋಡಿ, ಫೋಟೋ ತೆಗೆದು ಮೊಬೈಲಿನಿಂದ ಕಳಿಸಬೇಕಿತ್ತು. ಸರ್ವೆ ಮಾಡಿಸುವ ಕಂಪನಿಯವರು ಬೈಕು ಇದ್ದವರನ್ನು, ಅದರಲ್ಲೂ ಮನೆಗೆ ಬೇಗ ಬರಬೇಕೆಂಬ ಅವಸರ ಇಲ್ಲದವರನ್ನು ಹುಡುಕುತ್ತಿದ್ದರು. ಶಂಭುಲಿಂಗನಿಗೆ ಎರಡೂ ಅರ್ಹತೆ ಇತ್ತು.

ಅವನು ಐವತ್ತು ದಾಟಿದವನು. ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಹೆಂಡತಿ ಮುರಿಗೆವ್ವ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಹೊತ್ತು ಹೋಗುತ್ತಿತ್ತು, ಮನೆಯಲ್ಲಿ ಹೋಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಟೀವಿ ಹಚ್ಚುತ್ತಿದ್ದ. ನೋಡುವುದಕ್ಕಲ್ಲ, ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದು. ಜಗಳವಾಡುವ ಧಾರಾವಾಹಿ ಬಂದರೆ ಇನ್ನೂ ಒಳ್ಳೆಯದು. ಇಂಥ ಮನೆಯಿಂದ ದೂರ ಇರುವುದಕ್ಕೆ ಸಂಬಳವೂ ಸಿಗುತ್ತದೆಂದರೆ ಯಾರು ಬಿಡುತ್ತಾರೆ? ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಘಟ್ಟದ ಕಡೆ ಹೊರಟುಬಿಟ್ಟ.

ಕೆಲಸದಲ್ಲಿ ಅವನು ಬಲು ಖಡಕ್ಕು. ಕೆರೆಯ ವಿಷಯದಲ್ಲಿ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಸಿದ್ದಾಪುರದ ಕಡೆಯ ಒಂದೂರಿನಲ್ಲಿ, ‘ಅಯ್ಯೋ, ಆ ಕೆರೆಗೆ ಎಂತಕ್ಕೆ ಹೋಗ್ತೀರಿ, ಅದು ಸತ್ತು ಯಾವ ಕಾಲ ಆಯ್ತು’ ಎಂದು ಜಗಲಿಯ ಮೇಲೆ ಕುಳಿತವರೆಲ್ಲ ಒಕ್ಕೊರಲಿನಿಂದ ಹೇಳಿದರು. ಇವನು ಮುಳ್ಳಿನಲ್ಲಿ ನುಗ್ಗಿ, ಪ್ಯಾಂಟು ಹರಿದುಕೊಂಡು ಹೋಗಿ ನೋಡಿದರೆ ಕೇದಿಗೆಯ ಮೆಳೆಯ ಬುಡದಲ್ಲಿ ಮೊಣಕಾಲು ಮುಳುಗುವಷ್ಟು ತಿಳಿನೀರು. ಇನ್ನೊಂದೂರಿನಲ್ಲಿ, ‘ನಮ್ಮ ಕೆರೆಗೆ ಬರಗಾಲವೇ ಗೊತ್ತಿಲ್ಲ’ ಎಂದು ಎದೆಯುಬ್ಬಿಸಿ ಹೇಳಿದವರ ಕೆರೆಯಲ್ಲಿ ಹುಡುಗರು ಸ್ಟಂಪು ಊರಿ ಕ್ರಿಕೆಟ್ ಆಡುತ್ತಿದ್ದರು. ಅಂದಿನಿಂದ ಅವನದೊಂದು ನೇಮ. ಏರಿಯ ಮೇಲೆ ನಿಂತು ನೋಡಿದರೆ ಸಾಲದು, ಕೆಳಗಿಳಿದು ನೀರಿಗೆ ಕೈ ಅದ್ದಬೇಕು. ನೀರಿಲ್ಲದಿದ್ದರೆ ಕೆಸರಿಗೆ, ಅದೂ ಇಲ್ಲದಿದ್ದರೆ ಬಿರಿದ ಮಣ್ಣಿಗೆ.

ಆಮೇಲೆ ಏರಿಯ ಮೇಲಿನ ಯಾವುದಾದರೂ ಮರದಡಿ ಕುಳಿತು ಬುತ್ತಿ ಬಿಚ್ಚುತ್ತಿದ್ದ. ಖಟಕರೊಟ್ಟಿ, ಶೇಂಗಾ ಚಟ್ನಿ. ನೀರಿರುವ ಕೆರೆಯ ದಂಡೆಯಲ್ಲಿ ಊಟ ಸಲೀಸಾಗಿ ಇಳಿಯುತ್ತಿತ್ತು. ಒಣಗಿದ ಕೆರೆಯ ಮುಂದೆ ಒಬ್ಬನೇ ಕುಳಿತು ರೊಟ್ಟಿ ಮುರಿಯುವಾಗ ಆ ಸದ್ದು ಅವನಿಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಊರು ಬಿಟ್ಟರೆ ಒಂಟಿತನವೂ ಅಲ್ಲೇ ಉಳಿಯುತ್ತದೆ ಎಂದುಕೊಂಡಿದ್ದ. ಅದು ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತು ಬಂದಿದೆ ಎಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತಿತ್ತು.

ಗಂಗಾ ಪರಿಚಯವಾದದ್ದು ಶಿರಸಿ ತಾಲೂಕಿನ ಮತ್ತಿಘಟ್ಟದಲ್ಲಿ. ಪ್ರತಿ ಕೆರೆಯ ಹತ್ತಿರವೂ ಆ ಊರಿನವರೊಬ್ಬರನ್ನು ನಿಲ್ಲಿಸಿ ಫೋಟೋ ತೆಗೆಯಬೇಕೆಂಬುದು ಕಂಪನಿಯ ಕಟ್ಟಪ್ಪಣೆ. ಆ ದಿನ ಮತ್ತಿಘಟ್ಟದ ಗಂಡಸರೆಲ್ಲ ಯಾವುದೋ ಉಪನಯನಕ್ಕೆ ಹೋಗಿದ್ದರು. ಹಾಲಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತಿದ್ದ ಹೆಂಗಸೊಬ್ಬಳು ಸೀರೆಯ ನೆರಿಗೆ ಕೊಡವಿಕೊಂಡು ಬಂದು ಏರಿಯ ಮೇಲೆ ನಿಂತಳು. ಐವತ್ತರ ಆಸುಪಾಸು, ತೆಳ್ಳನೆಯ ಮೈ, ನೆಟ್ಟ ನೋಟ. ಫೋಟೋ ಆದ ಮೇಲೆ ಕೇಳಿದಳು:

‘ಇಷ್ಟೊಂದು ಕೆರೆಗಳ ಫೋಟೋ ಇಟ್ಟುಕೊಂಡು ಅವರು ಎಂತ ಮಾಡ್ತಾರೆ?’

‘ಗೊತ್ತಿಲ್ರಿ ಮೇಡಂ. ನಾ ಕಳಸ್ತೀನಿ, ಅವರು ಇಟಗೋತಾರ.’

‘ನಾನು ಮೇಡಮ್ಮೂ ಅಲ್ಲ, ಟೀಚರೂ ಅಲ್ಲ. ಹಾಲು ಅಳೆಯುವವಳು. ಅವರಿಗೆ ಕಳಿಸುವುದನ್ನು ನನಗೂ ಕಳಿಸಿ. ಈ ಊರಿಗೆ ಬಂದ ಮೇಲೆ ನಾನು ಎಲ್ಲೂ ಹೋಗಲಿಲ್ಲ.’

ಅಲ್ಲಿಂದ ಮುಂದೆ ಪ್ರತಿ ಕೆರೆಯಲ್ಲೂ ಎರಡು ಫೋಟೋ. ಕಂಪನಿಗೆ ಹೋಗುವುದು ಸಪ್ಪೆ ಫೋಟೋ: ಏರಿ, ತೂಬು, ನೀರಿನ ಮಟ್ಟ. ಗಂಗಾಗೆ ಹೋಗುವುದರಲ್ಲಿ ಒಂದು ನೀರುಕಾಗೆಯೋ, ಬಟ್ಟೆ ಒಗೆಯುವ ಕಲ್ಲೋ, ದಡದಲ್ಲಿ ಅರಳಿದ ಯಾವುದೋ ಕಾಡುಹೂವೋ ಇರುತ್ತಿತ್ತು. ಅವಳ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗುವುದು ಕೆರೆ ಏರಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಬಂದಾಗ ಒಟ್ಟಿಗೆ ನೋಡಿ ಒಂದೊಂದಕ್ಕೂ ಒಂದೊಂದು ಮಾತು ಬರೆಯುತ್ತಿದ್ದಳು. ‘ಈ ಕೆರೆಯ ಹೂಳು ತೆಗೆಯದೆ ಪಂಚಾಯ್ತಿಯವರು ಎಂತ ಕಡಿಯುತ್ತಿದ್ದಾರೆ?’ ‘ಆ ಕಲ್ಲಿನ ಮೇಲೆ ಸೋಪು ಮರೆತು ಹೋಗಿದ್ದಾರೆ ಪಾಪ.’ ‘ನೀವು ಊಟ ಮಾಡಿದಿರೋ ಇಲ್ಲವೋ ಫೋಟೋದಲ್ಲಿ ಕಾಣುವುದಿಲ್ಲ.’ ಈ ಕೊನೆಯದನ್ನು ಶಂಭುಲಿಂಗ ಎಷ್ಟು ಸಲ ಓದಿದನೆಂದರೆ ಬಾಯಿಪಾಠವಾಗಿಹೋಯಿತು. ಮೇಡಂ ಎನ್ನುವಂತಿಲ್ಲ, ಅಕ್ಕ ಎನ್ನಲು ಯಾಕೋ ನಾಲಿಗೆ ಏಳುವುದಿಲ್ಲ. ಅವಳನ್ನು ಏನೆಂದೂ ಕರೆಯದೆ ಬರೀ ‘ರೀ’ ಎಂದೇ ದಿನ ದೂಡುತ್ತಿದ್ದ. ಗಂಡ ಹೆಂಡಿರ ನಡುವೆ ಓಡಾಡುವ ಅಕ್ಷರ ಅದು ಎಂದು ಹೊಳೆದಾಗ ಒಬ್ಬನೇ ಕುಳಿತು ನಾಚಿಕೊಂಡ. ಐವತ್ತು ದಾಟಿದ ಮೇಲೆ ಗಂಡಸು ನಾಚಿದರೆ ನೋಡಲು ಚೆಂದವೇನಲ್ಲ, ಸದ್ಯ ನೋಡುವವರು ಯಾರೂ ಇರಲಿಲ್ಲ.

ಯಲ್ಲಾಪುರದಲ್ಲಿ ಕೋಣೆ ಹಿಡಿದು ಆ ತಾಲೂಕಿನ ಕೆರೆಗಳನ್ನು ಮುಗಿಸುತ್ತ ಬಂದಾಗ ಅವನ ಪಾಲಿಗೆ ಉಳಿದ ದೊಡ್ಡ ಜಾಗ ಒಂದೇ: ಕಾಳಿ ನದಿಯ ಜಲಾಶಯದ ಹಿನ್ನೀರು. ಹಾಗೆಂದು ಗಂಗಾಗೆ ಬರೆದ. ಅವಳಿಂದ ಎರಡು ದಿನ ಸುದ್ದಿಯಿಲ್ಲ. ಆಮೇಲೆ ಅವಳೇ ಏರಿಯ ಮೇಲಿಂದ ಫೋನು ಮಾಡಿದಳು.

‘ನಾನು ಹುಟ್ಟಿದ ಊರು ಆ ನೀರಿನ ಅಡಿಯಲ್ಲಿದೆ. ನಮ್ಮನ್ನು ಎಬ್ಬಿಸಿದಾಗ ನನಗೆ ಮದುವೆ ನೋಡುತ್ತಿದ್ದರು. ಇಲ್ಲಿ ಜಾಗ ಹುಡುಕು, ಅಲ್ಲಿ ಪರಿಹಾರಕ್ಕೆ ಓಡಾಡು ಅಂತ ಆ ಗಡಿಬಿಡಿಯಲ್ಲಿ ನನ್ನ ಮದುವೆ ಎಲ್ಲರಿಗೂ ಮರೆತುಹೋಯಿತು. ನೀರು ತುಂಬಿದ ಮೇಲೆ ಅಣ್ಣ ಒಮ್ಮೆ ಹೋಗಿ ನೋಡಿ ಬಂದು ಜ್ವರ ಹಿಡಿದು ಮಲಗಿದ. ಅಲ್ಲಿಂದ ನಮ್ಮ ಮನೆಯವರು ಯಾರೂ ಆ ದಿಕ್ಕಿಗೆ ಹೋಗಲಿಲ್ಲ. ಈಗ ಅಣ್ಣನೂ ಇಲ್ಲ.’

‘ನೀವು ಬರ್ರಿ. ನಾ ಕರಕೊಂಡ್ ಹೋಗಿ ತೋರಸ್ತೀನಿ,’ ಎಂದ ಶಂಭುಲಿಂಗ.

ಅವಳು ಹೇಳಿದಳು: ‘ಶಿರಸಿಯಿಂದ ಬೆಳಗಿನ ಬಸ್ಸಿಗೆ ಬಂದರೆ ಇಡಗುಂದಿಗೆ ಹತ್ತರ ಹೊತ್ತಿಗೆ ಮುಟ್ಟಬಹುದು. ನಮ್ಮ ಹಳೇ ಊರಿನವರು ಈಗ ಅಲ್ಲೇ ಇದ್ದಾರೆ. ಬಸ್ಸು ನಿಲ್ಲುವಲ್ಲಿ ಉದಯನ ಚಹಾದಂಗಡಿ ಅಂತಿದೆ, ಅದರ ಮುಂದಿನ ಬೆಂಚಿನ ಮೇಲೆ ಕಾಯಬಹುದು. ಮನೆಯಲ್ಲಿ ಮಾತಾಡುತ್ತೇನೆ. ನೀವು ಹೊರಡುವ ಹಿಂದಿನ ದಿನ ಸಂಜೆ ಮನೆಯ ಫೋನಿಗೆ ಮಾಡಿ. ನಾನು ಡೈರಿಯಲ್ಲಿ ಇರುತ್ತೇನೆ. ಅಣ್ಣನ ಮಗ ಸುಜಯನ ಹತ್ತಿರ ಹೇಳಿಟ್ಟಿರುತ್ತೇನೆ, ಅವನು ತಿಳಿಸುತ್ತಾನೆ.’

ಶಂಭುಲಿಂಗ ಯಲ್ಲಾಪುರದ ಪೇಟೆಗೆ ಹೋಗಿ ಇನ್ನೊಂದು ಹೆಲ್ಮೆಟ್ಟು ತಂದ. ಅಂಗಡಿಯವನು ಯಾರಿಗೆ ಎಂದಾಗ ‘ನಮ್ಮವರಿಗೆ’ ಎಂದುಬಿಟ್ಟ. ನೀರು ತೋರಿಸುವುದೊಂದು ನೆಪ ಎಂದು ಅವನಿಗೆ ಗೊತ್ತಿತ್ತು. ಗುಡ್ಡದ ಮೇಲೆ ಇಬ್ಬರೂ ಕುಳಿತಾಗ ಕೇಳಬೇಕಾದ ಮಾತನ್ನು ಅವನು ಕನ್ನಡಿಯ ಮುಂದೆ ಹೇಳಿ ನೋಡಿದ್ದ. ‘ನಿಮಗ ಯಾರೂ ಇಲ್ಲ, ನನಗೂ ಯಾರೂ ಇಲ್ಲ’ ಎಂಬುದು ಪಂಚಾಯ್ತಿಗೆ ಅರ್ಜಿ ಕೊಟ್ಟ ಹಾಗೆ ಕೇಳಿಸಿತು. ‘ನನ್ನ ಜೋಡಿ ಇರ್ತೀರೇನ್ರಿ’ ಎಂಬಷ್ಟೇ ಸಾಕೆಂದು ತೀರ್ಮಾನ ಮಾಡಿದ. ಅವಳ ಜಾತಿ ಬೇರೆ, ತನ್ನ ಜಾತಿ ಬೇರೆ, ಜನ ಆಡಿಕೊಳ್ಳುತ್ತಾರೆ. ಇದೆಲ್ಲ ತಲೆಯಲ್ಲಿ ಬಂತು, ಹೋಯಿತು. ಆಡಿಕೊಳ್ಳುವ ಜನರಲ್ಲಿ ಒಬ್ಬರೂ ಸಂಜೆ ಬಂದು ಅವನ ಮನೆಯ ಬೀಗ ತೆಗೆಯುವವರಲ್ಲ.

ಹಿಂದಿನ ಸಂಜೆ ಫೋನು ಮಾಡಿದ. ಮಲೆನಾಡಿನ ಹಳೆಯ ಲ್ಯಾಂಡ್‌ಲೈನು, ಒಳಗೆ ಜೀರುಂಡೆ ಸೇರಿಕೊಂಡಂತೆ ಗುಂಯ್‌ಗುಡುತ್ತಿತ್ತು. ಸುಜಯ ಎತ್ತಿಕೊಂಡ. ಹಿಂದೆ ಮಗು ಅಳುವುದು ಕೇಳುತ್ತಿತ್ತು. ನೇರವಾಗಿ ಕೇಳುವುದಕ್ಕೆ ಶಂಭುಲಿಂಗನಿಗೆ ಸಂಕೋಚ. ಕೆರೆಯಿಂದ ಶುರುಮಾಡಿದ.

‘ನಿಮ್ಮ ಕೆರಿ ಹ್ಯಾಂಗೈತ್ರಿ? ನೀರು...?’

‘ನೀರಾ? ಬತ್ತು, ಬತ್ತು,’ ಎಂದ ಸುಜಯ.

‘ಮತ್ತ... ನಾಳಿನ ವಿಚಾರ ರೀ? ಅತ್ತಿಯವರು ಏನರೆ ಹೇಳ್ಯಾರೇನು?’

‘ಹಾಂ ಹಾಂ. ಅದೂ ಬತ್ತು.’ ಮಗು ಕಿರುಚಿತು. ‘ಇಡ್ತೆ ಹಾಂ?’ ಎಂದವನೇ ಫೋನು ಇಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಗಂಗಾ, ಸುಜಯರಂಥ ಈ ಕಡೆಯ ಹವ್ಯಕರು ಎರಡು ನಾಲಿಗೆ ಇಟ್ಟುಕೊಂಡವರು, ಕೆಟ್ಟ ಅರ್ಥದಲ್ಲಲ್ಲ. ಹೊರಗಿನವರ ಮುಖ ಕಂಡ ಕೂಡಲೇ ಪುಸ್ತಕದ ಕನ್ನಡಕ್ಕೆ ಬದಲಾಗುತ್ತಾರೆ, ಒಳಗೆ ತಿರುಗಿದರೆ ಮನೆಮಾತು. ಶಂಭುಲಿಂಗ ಬಂದು ಇಷ್ಟು ದಿನವಾದರೂ ಅವನ ಕಿವಿಗೆ ಬಿದ್ದದ್ದು ಪುಸ್ತಕದ ಕನ್ನಡವೇ. ಆದರೆ ಫೋನಿನಲ್ಲಿ ಮುಖ ಕಾಣುವುದಿಲ್ಲ. ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತ ಗಂಡಸಿಗೆ ಭಾಷೆ ಬದಲಾಯಿಸುವ ವ್ಯವಧಾನವೂ ಇರುವುದಿಲ್ಲ. ಸುಜಯ ಹೇಳಿದ್ದು ಮನೆಮಾತಿನಲ್ಲಿ. ಶಂಭುಲಿಂಗ ಕೇಳಿಸಿಕೊಂಡದ್ದು ತನ್ನ ಮಾತಿನಲ್ಲಿ: ನೀರು ಬತ್ತಿತು. ಅದೂ ಬತ್ತಿತು.

ಅವನು ಫೋನು ಹಿಡಿದುಕೊಂಡೇ ಕುಳಿತ. ಒಪ್ಪಲಿಲ್ಲ ಎಂದು ಹೇಳುವ ಬದಲು ಎಷ್ಟು ನಾಜೂಕಾಗಿ ಹೇಳಿದ ಎಂದುಕೊಂಡ. ಕೆರೆಯ ಸಂಗಡ ಸೇರಿಸಿ ಒಂದೇ ಏಟಿಗೆ ಮುಗಿಸಿಬಿಟ್ಟ. ಮನೆಯವರು ಬೈದಿರಬೇಕು, ಅವಳು ಹೆದರಿರಬೇಕು. ಅಥವಾ ಅವಳಿಗೇ ಬೇಡವೆನಿಸಿರಬೇಕು, ಯಾಕೆನಿಸಬಾರದು? ಇನ್ನೊಮ್ಮೆ ಮಾಡಿ ಕೇಳಬಹುದಿತ್ತು. ಅವಳ ಮೊಬೈಲಿಗೆ ಒಂದು ಸಾಲು ಬರೆಯಬಹುದಿತ್ತು. ಆದರೆ ಬಹುಕಾಲ ಒಂಟಿಯಾಗಿದ್ದವನ ಕಿವಿ ‘ಇಲ್ಲ’ ಎಂಬುದನ್ನು ಬೇಗ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡದ್ದನ್ನು ಬೇಗ ನಂಬುತ್ತದೆ. ಮತ್ತಿಘಟ್ಟದ ಕೆರೆ ಬತ್ತಿದೆಯೆಂಬುದನ್ನು ಮಾತ್ರ ಅವನು ಕಂಪನಿಗೆ ಕಳಿಸಲಿಲ್ಲ. ಖುದ್ದು ಹೋಗಿ ನೋಡದೆ ಹೇಗೆ ಕಳಿಸುವುದು?

ಬೆಳಿಗ್ಗೆ ಕತ್ತಲು ಹರಿಯುವಾಗಲೇ ಹೊರಟ. ಯಾರಿಗೂ ಕಾಯುವುದಿಲ್ಲವಾದ ಮೇಲೆ ಹತ್ತರ ತನಕ ಯಾಕೆ ಕೂರಬೇಕು? ಇಡಗುಂದಿ ತಲುಪಿದಾಗ ಉದಯನ ಚಹಾದಂಗಡಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಮುಂದಿನ ಬೆಂಚು ಖಾಲಿ ಇತ್ತು. ಅದನ್ನು ನೋಡಬಾರದೆಂದುಕೊಂಡೇ ನೋಡಿದ. ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದ.

ದಾರಿ ಏರಿತು, ಇಳಿಯಿತು, ಮತ್ತೆ ಏರಿತು. ಎಲೆಯುದುರಿದ ಕಾಡು ಬೆಳಗಿನ ಬಿಸಿಲನ್ನು ತಡೆಯುವ ಗೋಜಿಗೆ ಹೋಗಿರಲಿಲ್ಲ. ಮಣ್ಣುರಸ್ತೆಯ ಧೂಳು ಹುಬ್ಬಿನ ಮೇಲೆ ಕೂತಿತು. ದಾರಿಯಲ್ಲಿ ಸಿಗುವ ಎರಡು ಸಣ್ಣ ಕೆರೆಗಳಿಗೆ ಇಳಿದ. ಒಂದರಲ್ಲಿ ಎಮ್ಮೆ ಮುಳುಗದಷ್ಟು ಕೆಸರು. ಇನ್ನೊಂದರ ತಳದಲ್ಲಿ ಮಣ್ಣು ಬಿರಿದು, ಬಿರುಕಿನೊಳಗೆ ಕಪ್ಪೆಚಿಪ್ಪುಗಳು ಬಿಳಿಚಿಕೊಂಡಿದ್ದವು. ಬಗ್ಗಿ ಒಂದು ಚಿಪ್ಪು ಎತ್ತಿಕೊಂಡ. ಇದನ್ನು ತೆಗೆದು ಕಳಿಸಿದರೆ ಏನು ಬರೆಯುತ್ತಿದ್ದಳೋ ಎಂದುಕೊಂಡ. ಮುಚ್ಚುಮರೆ ಯಾಕೆ, ಅವನ ಕಣ್ಣು ತುಂಬಿ ಬಂತು. ಆ ಬಟಾಬಯಲು ಕೆರೆಯಂಗಳದಲ್ಲಿ ನಿಂತು ಐವತ್ತು ದಾಟಿದ ಆ ಮನುಷ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒತ್ತಿಕೊಂಡು ಅತ್ತ. ಮುರಿಗೆವ್ವ ಹೋದಾಗ ಬಂದವರನ್ನು ಮಾತಾಡಿಸುವ ಗಡಿಬಿಡಿಯಲ್ಲಿ ಅಳುವುದಕ್ಕೆ ಆಗಿರಲಿಲ್ಲ. ಅದೂ ಸೇರಿಕೊಂಡಿರಬೇಕು.

ಬಸ್ಸು ಹೋಗುವ ಕೊನೆಯ ಊರಿನಲ್ಲಿ ಒಂದೇ ಒಂದು ಗೂಡಂಗಡಿ. ಅಲ್ಲಿಂದ ಗುಡ್ಡ ಹತ್ತಿದರೆ ಹಿನ್ನೀರು ಕಾಣುತ್ತದೆಂದು ಹೇಳಿದ್ದರು. ಅಂಗಡಿಯ ಯಜಮಾನರ ಹೆಸರು ದೇವರು ಭಟ್ಟರು. ಈ ಸೀಮೆಯಲ್ಲಿ ಮನುಷ್ಯರಿಗೆ ದೇವರು ಎಂದೇ ಹೆಸರಿಡುತ್ತಾರೆ. ದೇವರು ಅವನಿಗೆ ಕಷಾಯ ಕೊಟ್ಟರು.

‘ಎಲ್ಲಿಂದ ಬಂದಿರಿ? ಒಬ್ಬರೇ ಬಂದದ್ದಾ?’

‘ಹೂಂ ರೀ. ಒಬ್ಬನ.’

‘ಎರಡು ಹೆಲ್ಮೆಟ್ಟು ಕಂಡೆ, ಅದಕ್ಕೆ ಕೇಳಿದೆ,’ ಎಂದರು ದೇವರು ಭಟ್ಟರು. ಶಂಭುಲಿಂಗ ಲೋಟದೊಳಗೆ ನೋಡಿದ.

ಕಷಾಯ ಮುಗಿಸಿ ಗುಡ್ಡ ಹತ್ತಬೇಕೆಂದು ಎದ್ದಿದ್ದ. ಅಷ್ಟರಲ್ಲಿ ಭಟ್ಟರು ರಸ್ತೆಯ ಕಡೆ ಕಿವಿಗೊಟ್ಟು, ಒಳಗೆ ಚೀಲ ತುಂಬುತ್ತಿದ್ದ ಹೆಂಡತಿಯ ಕಡೆ ತಿರುಗಿ ಕೂಗಿದರು:

‘ಏ, ಬಸ್ಸು ಬತ್ತು! ಬೇಗ ಬಾರೇ!’

ಶಂಭುಲಿಂಗ ನಿಂತಲ್ಲೇ ನಿಂತ. ತಿರುವಿನಲ್ಲಿ ಧೂಳು ಎದ್ದಿತು. ಧೂಳಿನೊಳಗಿಂದ ಕೆಂಪು ಬಸ್ಸು ಮೂತಿ ಹೊರಗೆ ಹಾಕಿತು.

‘ಏನಂದ್ರಿ ನೀವು ಈಗ?’

‘ನಾನಾ? ನಿಮಗೆ ಹೇಳಿದ್ದಲ್ಲ ಮಾರಾಯ್ರೆ. ಬಸ್ಸು ಬರ್ತದೆ ಅಂತ ಇವಳಿಗೆ ಹೇಳಿದೆ.’

‘ಬತ್ತು ಅಂದ್ರ ಬರ್ತೈತಿ ಅಂತೇನ್ರಿ?’

‘ಮತ್ತೆಂತ?’

‘ಹೆಣ್ಣಮಕ್ಕಳು ಬರ್ತಾರ ಅನ್ನಾಕ ಏನಂತೀರಿ?’

ಭಟ್ಟರಿಗೆ ಇದು ಯಾವ ನಮೂನೆಯ ಪರೀಕ್ಷೆ ಎಂದು ತಿಳಿಯಲಿಲ್ಲ. ಆದರೂ ಹೇಳಿದರು: ‘ನಮ್ಮಲ್ಲಿ ಹೆಂಗಸರಿಗೂ ಅದು ಅಂತಲೇ ಹೇಳುವ ಕ್ರಮ. ಅದು ಬತ್ತು ಅಂದರೆ ಅವಳು ಬರ್ತಾಳೆ. ಬತ್ತಿಲ್ಲೆ ಅಂದರೆ ಬರುವುದಿಲ್ಲ.’

ನೀರು ಬರುತ್ತಿದೆ. ಅವಳೂ ಬರುತ್ತಾಳೆ. ಸುಜಯ ಹೇಳಿದ್ದು ಅಷ್ಟೇ. ಒಂದೇ ಪದವನ್ನು ಇಡೀ ರಾತ್ರಿ ತಲೆದಿಂಬಿನ ಹಾಗೆ ಮಗುಚಿ ಮಗುಚಿ ಮಲಗಿದ್ದವನಿಗೆ ಅದರ ಇನ್ನೊಂದು ಮಗ್ಗುಲು ಈಗ ಕಂಡಿತು. ಮೊಬೈಲು ತೆಗೆದ. ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಹೊತ್ತು ನೆತ್ತಿಗೆ ಬಂದಿತ್ತು.

ಗುಡ್ಡದ ಕಡೆ ಅವನು ತಿರುಗಿಯೂ ನೋಡಲಿಲ್ಲ. ಕಲ್ಲು ಸಿಡಿಯುವಂತೆ ಬೈಕು ಓಡಿಸಿದ. ಇಳಿಜಾರಿನಲ್ಲಿ ಒಂದು ಕಡೆ ಜಾರಿ ಬಿದ್ದು ಮೊಣಕೈ ತರಚಿತು, ಎದ್ದು ಮತ್ತೆ ಓಡಿಸಿದ. ಕಾದಿರುತ್ತಾಳೆ, ಅಷ್ಟು ದೂರದಿಂದ ಬಂದವಳು ಕಾಯದೆ ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇಡಗುಂದಿಯ ಬೆಂಚಿನ ಮೇಲೆ ಯಾರೋ ಇಬ್ಬರು ಮುದುಕರು ಕುಳಿತಿದ್ದರು. ಅವಳಿರಲಿಲ್ಲ.

‘ಇಲ್ಲಿ ಒಬ್ಬರು ಹೆಣ್ಣಮಕ್ಕಳು...’ ಎಂದು ಶುರುಮಾಡಿದ.

ಚಹಾದಂಗಡಿಯ ಉದಯ ಅವನನ್ನು ಮೇಲಿಂದ ಕೆಳಗೆ ನೋಡಿದ. ‘ಗಂಗಕ್ಕ ಕಾದದ್ದು ನಿಮಗಾ?’

‘ಹೌದ್ರಿ.’

‘ಹೋಯ್ತಲ್ಲ. ಯಾವಾಗಲೋ ಹೋಯ್ತು, ಈಗ ಶಿರಸಿ ಹತ್ತಿರ ಮುಟ್ಟಿರ್ತದೆ.’ ಉದಯ ಲೋಟ ತೊಳೆಯುತ್ತಲೇ ಹೇಳಿದ. ‘ಇಲ್ಲಿ ಅದರ ಗುರುತಿನವರೇ ಎಲ್ಲ. ಹೋಗುವವರು ಬರುವವರು ಎಲ್ಲಿಗೆ ಗಂಗಕ್ಕ, ಎಲ್ಲಿಗೆ ಗಂಗಕ್ಕ ಅಂತ ಕೇಳಿದರು. ಹಿನ್ನೀರು ನೋಡುವುದಕ್ಕೆ, ಒಬ್ಬರು ಬರ್ತಾರೆ, ಅಂತ ನಗ್ತಾ ಹೇಳ್ತು. ಮೊದಮೊದಲು ನಗ್ತಾ ಹೇಳ್ತು. ಬಿಸಿಲೇರಿದ ಮೇಲೆ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತಲ್ಲ. ನಾನೊಂದು ಚಹಾ ಕೊಟ್ಟೆ, ಹಾಗೇ ತಣಿದುಹೋಯ್ತು. ಕಡೆಗೆ ಅವರ ಹಳೇ ಊರಿನ ಮುದುಕಿಯೊಂದು ಬಂದು ಏನೂ ಮಾತಾಡದೆ ಪಕ್ಕದಲ್ಲಿ ಕೂತಿತು. ಅದು ಕೂತ ಮೇಲೆ ಗಂಗಕ್ಕನಿಗೆ ತಡೀಲಿಕ್ಕಾಗಲಿಲ್ಲ. ಬಂದ ಬಸ್ಸಿಗೆ ಕೈ ಮಾಡಿ ಹತ್ತಿತು.’

ಶಂಭುಲಿಂಗ ಅವಳ ಮೊಬೈಲಿಗೆ ಮಾಡಿದ, ಸಿಗಲಿಲ್ಲ. ಮನೆಯ ಫೋನು ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತಿಘಟ್ಟಕ್ಕೆ ಆಗಲೇ ಹೊರಡಬೇಕೆಂದು ಯಲ್ಲಾಪುರದ ತನಕ ಬಂದ. ಅಲ್ಲಿ ಧೈರ್ಯ ಸಾಲಲಿಲ್ಲ. ತಲುಪುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ. ಆ ಹೊತ್ತಿನಲ್ಲಿ ಪರವೂರಿನ ಗಂಡಸೊಬ್ಬ ಅಂಗಳದಲ್ಲಿ ನಿಂತು ಅವಳ ಹೆಸರು ಕೂಗಿದರೆ, ಇವತ್ತು ಆದ ಅವಮಾನ ಸಾಲದೆಂದು ಇನ್ನೊಂದು ಕೊಟ್ಟ ಹಾಗಾಗುತ್ತದೆ.

ಮರುದಿನ ಬೆಳಿಗ್ಗೆ ಹೋದ. ಕೆರೆ ಏರಿಯ ಹತ್ತಿರ ಬೈಕು ತಾನಾಗಿಯೇ ನಿಧಾನವಾಯಿತು. ಇಳಿದು ನೋಡಿದ. ಮೇಲ್ಮೂಲೆಯಲ್ಲಿ ಎರಡು ಬಂಡೆಗಳ ನಡುವಿನ ಒರತೆಯಿಂದ ನೀರು ಕಿರುಬೆರಳಿನಷ್ಟು ದಪ್ಪಕ್ಕೆ ಹರಿದು ಬಂದು ಕೆರೆಗೆ ಸೇರುತ್ತಿತ್ತು. ಸುತ್ತಲಿನ ಊರುಗಳೆಲ್ಲ ಬಾಯಿ ಬಿಡುತ್ತಿರುವಾಗಲೂ ಅದರ ಪಾಡಿಗೆ ಅದು ಬರುತ್ತಿತ್ತು. ಅವನು ಕೈ ಅದ್ದಿದ. ತಣ್ಣಗಿತ್ತು.

ಡೈರಿಯಲ್ಲಿ ಹಾಲು ಹಾಕುವವರೆಲ್ಲ ಬಂದುಹೋಗಿದ್ದರು. ಗಂಗಾ ಕ್ಯಾನು ತೊಳೆಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಲಿಲ್ಲ. ‘ಬನ್ನಿ’ ಎಂದಳು. ಸಿಟ್ಟಿದ್ದಂತೆ ಕಾಣಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವನಿಗೆ.

ನಿಂತುಕೊಂಡೇ ಎಲ್ಲ ಹೇಳಿದ. ಫೋನು, ಸುಜಯ, ನೀರಾ ಬತ್ತು, ಅದೂ ಬತ್ತು, ದೇವರು ಭಟ್ಟರ ಬಸ್ಸು. ಅವಳು ಮೊದಲು ಅರ್ಥವಾಗದೆ ನೋಡಿದಳು. ಅರ್ಥವಾದಾಗ ಕ್ಯಾನು ಕೆಳಗಿಟ್ಟು ನಕ್ಕಳು. ಸುಮ್ಮನೆ ತೋರಿಕೆಗಲ್ಲ, ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವನಿಗೂ ನಗು ಬಂತು. ಆ ಒಂದು ಗಳಿಗೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಎಲ್ಲ ಸರಿಹೋಯಿತು ಎಂದೇ ಅವನು ನಂಬಿದ.

ಅವಳ ನಗು ಮೊದಲು ನಿಂತಿತು.

‘ಕೆರೆ ಬತ್ತಿದೆ ಅಂತ ಕಳಿಸಿಬಿಟ್ಟಿರಾ ಕಂಪನಿಗೆ?’

‘ಇಲ್ರಿ. ನೋಡದ ಹ್ಯಾಂಗ ಕಳಸೂದು? ಈಗ ನೋಡ್ಕೊಂಡು ಬಂದೆ.’

‘ಹೌದಲ್ಲ. ಕೆರೆಯಾದರೆ ಯಾರು ಎಂತ ಹೇಳಿದರೂ ನೀವು ನಂಬುವವರಲ್ಲ. ಇಳಿದು ಹೋಗಿ ಕೈ ಹಾಕಿ ನೋಡ್ತೀರಿ.’ ಅವಳು ಮತ್ತೆ ಕ್ಯಾನಿಗೆ ಕೈ ಹಾಕಿದಳು. ‘ನನ್ನ ವಿಷಯಕ್ಕೆ ಒಂದು ಫೋನು ಸಾಕಾಯ್ತು.’

ಹೆದರಿಕೆಯಾಗಿತ್ತು ಎಂದು ಶಂಭುಲಿಂಗ ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಒಬ್ಬಳೇ ಬಸ್ಸು ಹತ್ತಿ ಬಂದು ಎಲ್ಲರೆದುರು ಕುಳಿತವಳ ಮುಂದೆ ತನ್ನ ಹೆದರಿಕೆಯ ಮಾತೆತ್ತಲು ಬಾಯಿ ಬರಲಿಲ್ಲ.

‘ನೀರು ಹೇಗಿತ್ತು ಅಲ್ಲಿ?’ ಎಂದಳು ಅವಳೇ.

‘ನೋಡಲಿಲ್ರಿ. ಗುಡ್ಡದ ಬುಡದಾಗಿಂದ ಹೊಳ್ಳಿ ಓಡಿ ಬಂದೆ.’

ಅವಳು ತಲೆಯೆತ್ತಿ ಅವನ ತರಚಿದ ಮೊಣಕೈಯನ್ನು ನೋಡಿದಳು. ಅವಳ ಮುಖ ಸಡಿಲಾಯಿತು. ಇದೇ ಹೊತ್ತು ಎಂದುಕೊಂಡ ಅವನು. ಗುಡ್ಡದ ಮೇಲೆ ಕೇಳಬೇಕೆಂದಿದ್ದ ಮಾತು ಹಾಲಿನ ಕ್ಯಾನುಗಳ ನಡುವೆ ಬಾಯಿಗೆ ಬಂತು.

‘ಇನ್ನೊಮ್ಮೆ ಹೋಗೂಣ್ರಿ. ಇವತ್ತ ಹೋಗೂಣು. ಎಲ್ಲೂ ಕಾಯೂದು ಬ್ಯಾಡ, ಇಲ್ಲಿಂದನ ಕರಕೊಂಡ್ ಹೋಗ್ತೀನಿ. ಬರೇ ನೀರು ನೋಡಾಕ ಅಲ್ರಿ. ನನ್ನ ಜೋಡಿ ಇರ್ತೀರೇನ್ರಿ, ಕಡೀತನಕ?’

ಗಂಗಾ ಕ್ಯಾನು ಬದಿಗಿಟ್ಟಳು. ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಇಷ್ಟು ದಿನ ಅವನೊಂದಿಗೆ ಪುಸ್ತಕದ ಕನ್ನಡದಲ್ಲೇ ಮಾತಾಡಿದವಳು, ಮನೆಯವರ ಹತ್ತಿರ ಆಡುವ ಮಾತಿನಲ್ಲಿ, ಮನೆಯವರ ಹತ್ತಿರ ಆಡುವಷ್ಟೇ ಮೆತ್ತಗೆ ಹೇಳಿದಳು:

‘ಆನು ಬತ್ನಿಲ್ಲೆ.’

ಅವನು ಕಾದು ನಿಂತ.

‘ನಿನ್ನೆ ಆನು ನೀರು ನೋಡಲೆ ಬಂದಿದ್ದಲ್ಲ. ಅಲ್ಲಿ ಕೂತ್ಕಂಡಾಗ ಅದು ಗೊತ್ತಾತು. “ಎಲ್ಲಿಗೆ ಹೊರಟಿದ್ದೆ” ಹೇಳಿ ಕೇಳ್ದವಕ್ಕೆಲ್ಲ “ಹಿನ್ನೀರಿಗೆ” ಹೇಳಿ ಹೇಳ್ತಾ ಇದ್ದಿದ್ದಿ. ಹೇಳ್ತಾ ಹೇಳ್ತಾ ಅದು ಸುಳ್ಳು ಅಂತ ಎಂಗೇ ಗೊತ್ತಾತು. ಇಷ್ಟು ವರ್ಷ ಆನು ಯಾರಿಗೂ ಕಾದಿದ್ದಿಲ್ಲೆ. ಒಂದು ಸಲ ಕಾದಿ. ಇನ್ನೊಂದು ಸಲ ಎನ್ನತ್ರ ಆಗ್ತಿಲ್ಲೆ.’

ಒಂದು ಪದಕ್ಕೂ ಅವನು ಯಾರನ್ನೂ ಅರ್ಥ ಕೇಳಬೇಕಾಗಲಿಲ್ಲ.